ಗೋಡೆ ನೋಡಿದಾಗ ಬಾಗಿಲು ಎಲ್ಲಿದೆ ಅಂತ ಕೇಳಿ

ಹೋದ ವರ್ಷ ದಸರಾ ರಜೆ ಮುಗಿದ ಮೇಲೆ ನಮ್ಮ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಸಮಾಜ ವಿಜ್ಞಾನ ಮೇಷ್ಟ್ರು ನಮಗೆ ಫೋನ್ ಮಾಡಿದರು. "ನಮ್ಮ ಮಕ್ಕಳಿಗೆ ಇತಿಹಾಸ ಅಂದ್ರೆ ಇಸವಿ ಬಾಯಿಪಾಠ ಮಾಡೋದು ಅಂತಾಗಿದೆ. ನೀವು ಊರೂರು ಸುತ್ತೋರು, ಎರಡು ಶನಿವಾರ ಬಂದು ಏನಾದ್ರೂ ಬೇರೆ ಥರ ಹೇಳಿ" ಅಂದರು. ನಾವು ಮೂವರು ಒಪ್ಪಿಕೊಂಡೆವು.

ಯಾವ ವಿಷಯ ಹೇಳಬೇಕು ಅಂತ ಯೋಚಿಸುತ್ತಾ ಶಾಲೆಗೆ ಹೋದರೆ ವಿಷಯ ಅಂಗಳದಲ್ಲೇ ಬಿದ್ದಿತ್ತು. ಎಂ ಸ್ಯಾಂಡ್ ರಾಶಿ, ಸಿಮೆಂಟ್ ಇಟ್ಟಿಗೆ, ಅಳತೆಗೆ ಕಟ್ಟಿದ ದಾರ. ನರೇಗಾ ಕೆಲಸದಲ್ಲಿ ಶಾಲೆಗೆ ಕಾಂಪೌಂಡ್ ಏಳುತ್ತಿತ್ತು. ಮುಂಭಾಗ ಆಗಲೇ ಎದೆಮಟ್ಟ ಬಂದಿತ್ತು. ಹಿಂಭಾಗದಲ್ಲಿ ಪಾಯ ಮಾತ್ರ ತೋಡಿದ್ದರು. ಹಾಗಾಗಿ ಪಾಠ ಗೋಡೆಗಳದ್ದೇ ಆಯಿತು.

ಏಳನೇ ಕ್ಲಾಸಿನ ಮಕ್ಕಳಿಗೆ ಮೊದಲು ಒಂದೇ ಪ್ರಶ್ನೆ ಕೇಳಿದೆವು: "ಗೋಡೆ ಯಾಕೆ ಕಟ್ತಾರೆ?"

"ದನ ಒಳಗೆ ಬರಬಾರ್ದು ಅಂತ." "ಕಳ್ಳರು ಬರಬಾರ್ದು ಅಂತ." "ಪಕ್ಕದ ಮನೆಯೋರು ಜಾಗ ಒತ್ತಬಾರ್ದು ಅಂತ." ಹಿಂದಿನ ಸಾಲಿನ ಹುಡುಗನೊಬ್ಬ "ಬೆರಣಿ ತಟ್ಟೋಕೆ" ಅಂದ. ಎಲ್ಲರೂ ನಕ್ಕರು. ನಾವು ಅದನ್ನೂ ಬೋರ್ಡಿನ ಮೇಲೆ ಬರೆದೆವು. ಕಟ್ಟಿದವರು ಒಂದು ಉದ್ದೇಶಕ್ಕೆ ಕಟ್ಟಿದರೂ ಬಳಸುವವರು ಇನ್ನೊಂದಕ್ಕೆ ಬಳಸುತ್ತಾರೆ, ಅವನ ಉತ್ತರ ಸರಿಯೇ.

ಆಗ ಕಿಟಕಿ ಪಕ್ಕ ಕೂತಿದ್ದ ಹುಡುಗಿಯೊಬ್ಬಳು ಎದ್ದು ನಿಂತು ಉತ್ತರ ಹೇಳುವ ಬದಲು ಒಂದು ಪ್ರಶ್ನೆ ಕೇಳಿದಳು. "ಸಾರ್, ಈ ಕಾಂಪೌಂಡಿಗೆ ಗೇಟ್ ಎಲ್ಲಿ ಇಡ್ತಾರೆ?"

ನಮಗೆ ಗೊತ್ತಿರಲಿಲ್ಲ. ಮುಂದೆ ರಸ್ತೆ ಕಡೆ ಇಡುತ್ತಾರೆ ಇರಬೇಕು ಅಂದೆವು. ಅವಳು ಸುಮ್ಮನೆ ಕೂತಳು. ಅವಳು ಯಾಕೆ ಕೇಳಿದಳು ಅನ್ನುವುದು ನಮಗೆ ತಿಳಿದದ್ದು ಆಮೇಲೆ. ಆದರೆ ಅವಳ ಪ್ರಶ್ನೆ ನಮ್ಮ ಪಾಠದ ದಾರಿಯನ್ನೇ ತಿರುಗಿಸಿತು. ನಾವು ಗೋಡೆಗಳ ಉದ್ದ, ಎತ್ತರ, ಇಸವಿ ಬರೆದುಕೊಂಡು ಹೋಗಿದ್ದೆವು. ಅವತ್ತಿನಿಂದ ಪ್ರತಿ ಗೋಡೆಗೂ ಮೂರು ಪ್ರಶ್ನೆ ಹಾಕಲು ಶುರು ಮಾಡಿದೆವು. ಯಾರು ಕಟ್ಟಿದ್ದು? ಯಾರನ್ನು ತಡೆಯೋಕೆ? ಬಾಗಿಲು ಎಲ್ಲಿ, ಅದರ ಬೀಗದ ಕೈ ಯಾರ ಹತ್ತಿರ?

ಈ ಬರಹದಲ್ಲಿ ಆ ಎರಡು ಶನಿವಾರ ಹೇಳಿದ್ದನ್ನೇ ನಿಮಗೂ ಹೇಳುತ್ತಿದ್ದೇವೆ.

ದುರ್ಗದ ಕಿಂಡಿ

ಗೊತ್ತಿರುವ ಗೋಡೆಯಿಂದಲೇ ಶುರು ಮಾಡಿದೆವು. ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಆ ಮಕ್ಕಳಲ್ಲಿ ಬಹಳ ಜನ ಶಾಲಾ ಪ್ರವಾಸದಲ್ಲಿ ನೋಡಿದ್ದರು. ಬೆಟ್ಟದ ಬಂಡೆಗಳನ್ನೇ ಗೋಡೆಯ ಭಾಗ ಮಾಡಿಕೊಂಡು, ಗಾರೆಯೇ ಕಾಣದಂತೆ ಕಲ್ಲಿಗೆ ಕಲ್ಲು ಕೂರಿಸಿದ ಕೋಟೆ ಅದು. ಬಾಗಿಲುಗಳ ದಾರಿ ನೇರವಾಗಿಲ್ಲ, ತಿರುಗಿ ತಿರುಗಿ ಹೋಗುತ್ತದೆ. ಆನೆಯಾಗಲಿ ದಿಮ್ಮಿ ಹೊತ್ತ ದಂಡಾಗಲಿ ಓಡಿಬಂದು ಬಾಗಿಲಿಗೆ ಗುದ್ದಲು ಜಾಗ ಸಿಗಬಾರದು ಅನ್ನುವುದು ಅದರ ಲೆಕ್ಕ.

"ಇಂಥ ಕೋಟೆಯೊಳಗೆ ಹೈದರಾಲಿಯ ಸೈನಿಕರು ಎಲ್ಲಿಂದ ನುಗ್ಗೋಕೆ ನೋಡಿದರು?" ಅಂತ ಕೇಳಿದ್ದೇ ತಡ, ಇಡೀ ಕ್ಲಾಸು ಒಟ್ಟಿಗೆ ಕೂಗಿತು: "ಕಿಂಡಿಯಿಂದ!" ಗಂಡ ಊಟಕ್ಕೆ ಕೂತಿದ್ದಾಗ ನೀರು ತರಲು ಹೋದ ಓಬವ್ವ ಕಿಂಡಿಯಲ್ಲಿ ತೂರಿಬರುತ್ತಿದ್ದವರನ್ನು ಒನಕೆಯಿಂದ ಹೊಡೆದ ಕಥೆ ಯಾರಿಗೆ ಗೊತ್ತಿಲ್ಲ? ಏಳು ಸುತ್ತಿನ ಗೋಡೆ ಇದ್ದರೂ ಆ ಹೊತ್ತಿಗೆ ಕೋಟೆಯ ಬಲ ಇದ್ದದ್ದು ಒಬ್ಬ ಮನುಷ್ಯ ತೂರುವಷ್ಟು ಸಂದಿಯಲ್ಲಿ, ಆ ಸಂದಿಯ ಪಕ್ಕ ನಿಂತ ಒಬ್ಬ ಹೆಂಗಸಿನ ಕೈಯಲ್ಲಿ. ಕೋಟೆ ಕೊನೆಗೆ 1779ರಲ್ಲಿ ಹೈದರಾಲಿಯ ವಶವಾಯಿತು. ಮದಕರಿ ನಾಯಕ ಶ್ರೀರಂಗಪಟ್ಟಣದ ಸೆರೆಗೆ ಹೋದ.

ಶತ್ರುವನ್ನು ತಡೆಯುವುದು ಗೋಡೆಯ ಹಳೆಯ ಕೆಲಸ. ಮಕ್ಕಳಿಗೆ ಇದು ಸುಲಭವಾಗಿ ಅರ್ಥವಾಯಿತು. ಮುಂದಿನ ಗೋಡೆಗಳು ಅಷ್ಟು ಸುಲಭ ಇರಲಿಲ್ಲ.

ಮೈಲಿಗೊಂದು ಬಾಗಿಲಿದ್ದ ರೋಮನ್ ಗೋಡೆ

ಇಂಗ್ಲೆಂಡಿನ ಉತ್ತರದಲ್ಲಿ ಸಮುದ್ರದಿಂದ ಸಮುದ್ರಕ್ಕೆ ಅಡ್ಡಲಾಗಿ ಒಂದು ಹಳೆಯ ಗೋಡೆ ಇದೆ. ಉದ್ದ ಸುಮಾರು 117 ಕಿಲೋಮೀಟರ್. ರೋಮ್ ಚಕ್ರವರ್ತಿ ಹೇಡ್ರಿಯನ್ ಕ್ರಿ.ಶ. 122ರಲ್ಲಿ ಬ್ರಿಟನ್ನಿಗೆ ಬಂದಾಗ ಅದರ ಕೆಲಸ ಶುರುವಾಯಿತು. ಆಗ ಬ್ರಿಟನ್ನಿನ ಬಹುಭಾಗ ರೋಮನ್ನರ ವಸಾಹತು. ಅವರ ಸಾಮ್ರಾಜ್ಯದ ವಾಯವ್ಯದ ಅಂಚು ಅದು.

ಶತ್ರು ಒಳಗೆ ಬರಬಾರದು ಅಂತ ಕಟ್ಟಿದ ಗೋಡೆಗೆ ಬಾಗಿಲು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು ಅಲ್ಲವೇ? ಆದರೆ ಹೇಡ್ರಿಯನ್ ಗೋಡೆಗೆ ಹೆಚ್ಚುಕಡಿಮೆ ಪ್ರತಿ ರೋಮನ್ ಮೈಲಿಗೆ, ಅಂದರೆ ಸುಮಾರು ಒಂದೂವರೆ ಕಿಲೋಮೀಟರಿಗೆ, ಒಂದು ಚಿಕ್ಕ ಠಾಣೆ ಇತ್ತು. ಠಾಣೆಯಲ್ಲಿ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಬಾಗಿಲು. ಎರಡು ಠಾಣೆಗಳ ನಡುವೆ ಎರಡು ಕಾವಲು ಗೋಪುರ.

ಇಷ್ಟು ಬಾಗಿಲು ಯಾಕೆ ಅಂತ ಮಕ್ಕಳನ್ನೇ ಕೇಳಿದೆವು. ತಂದೆ ಜೊತೆ ಸಂತೆಗೆ ಹೋಗುವ ಹುಡುಗನೊಬ್ಬ ಹೇಳಿದ: "ಸಂತೆ ಸುಂಕ ವಸೂಲಿ ಮಾಡೋಕೆ ಇರಬೇಕು ಸಾರ್." ಇತಿಹಾಸಕಾರರಲ್ಲಿ ಹಲವರ ಮಾತೂ ಅದೇ. ದನ ಕುರಿ ಹೊಡೆದುಕೊಂಡು ಹೋಗುವವರು, ಸರಕು ಹೊತ್ತವರು ಎಲ್ಲಿ ಬೇಕೋ ಅಲ್ಲಿ ದಾಟುವಂತಿಲ್ಲ. ಠಾಣೆಯ ಬಾಗಿಲಿಗೆ ಬರಬೇಕು, ಸೈನಿಕರ ಕಣ್ಣ ಮುಂದೆ ಹಾದುಹೋಗಬೇಕು. ಯಾರು ಬಂದರು, ಯಾರು ಹೋದರು, ಏನು ತಂದರು ಎಲ್ಲಾ ಕಾವಲಿನವರಿಗೆ ತಿಳಿಯಬೇಕು. ಈಗಿನ ಚೆಕ್‌ಪೋಸ್ಟ್ ಅಂದುಕೊಳ್ಳಿ.

ಆ ಗೋಡೆ ಕಾದವರೂ ಅಲ್ಲಿಯವರಲ್ಲ. ರೋಮನ್ನರು ತಾವು ಗೆದ್ದ ಬೇರೆ ಬೇರೆ ನಾಡುಗಳ ಜನರನ್ನು ಸೈನ್ಯಕ್ಕೆ ಸೇರಿಸಿ ಅಲ್ಲಿಗೆ ಕಳಿಸಿದ್ದರು. ದೂರದ ಸಿರಿಯಾದ ಬಿಲ್ಲುಗಾರರೂ ಆ ಚಳಿಯಲ್ಲಿ ಪಹರೆ ಕೂತಿದ್ದರು. ರೋಮನ್ನರು ಹೋದ ಮೇಲೆ ಸುತ್ತಲಿನ ರೈತರು ಗೋಡೆಯ ಕಲ್ಲು ಕಿತ್ತು ಮನೆ, ಕೊಟ್ಟಿಗೆ, ಚರ್ಚು ಕಟ್ಟಿಕೊಂಡರು. ಹಾಳು ಕೋಟೆಯ ಕಲ್ಲು ಊರಿನ ಜಗಲಿಗೆ ಬಂದಿರುವುದನ್ನು ನಾವೂ ಕಂಡಿದ್ದೇವೆ.

ಚೀನಾದವರು ಗೋಡೆ ಕಟ್ಟಿದರು, ಸಂತೆ ತೆರೆದರು

ಗೋಡೆ ಅಂದ ಕೂಡಲೇ ಮಕ್ಕಳ ಬಾಯಿಗೆ ಬರುವುದು ಚೀನಾದ ಮಹಾಗೋಡೆ. "ಅದು ಚಂದ್ರನಿಂದಾನೂ ಕಾಣುತ್ತೆ" ಅಂತ ನಾಲ್ಕೈದು ಜನ ಹೇಳಿದರು. ಇಲ್ಲ, ಕಾಣುವುದಿಲ್ಲ. ಗೋಡೆ ಉದ್ದ ಇದೆ ನಿಜ, ಆದರೆ ಅಗಲ ಕೆಲವೇ ಮೀಟರ್. ಅಷ್ಟು ದೂರದಿಂದ ಬರಿಗಣ್ಣಿಗೆ ಕಾಣುವ ಮಾತೇ ಇಲ್ಲ.

ಅದು ಒಂದೇ ಗೋಡೆಯೂ ಅಲ್ಲ. ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದು ಮಾಡಿದ ಮೊದಲ ಚಕ್ರವರ್ತಿ ಚಿನ್ ಷಿ ಹುವಾಂಗ್ ಉತ್ತರದ ಹಳೆಯ ಗೋಡೆಗಳನ್ನು ಜೋಡಿಸಿದ. ಆಮೇಲೆ ಬಂದ ರಾಜವಂಶಗಳು ತಮ್ಮ ತಮ್ಮ ಗೋಡೆ ಕಟ್ಟಿದವು. ಇವತ್ತು ಫೋಟೋದಲ್ಲಿ ನಾವು ನೋಡುವ ಕಲ್ಲು ಇಟ್ಟಿಗೆಯ ಗೋಡೆ ಹೆಚ್ಚಾಗಿ ಮಿಂಗ್ ವಂಶದ ಕಾಲದ್ದು, ಅಂದರೆ 1368ರಿಂದ 1644ರ ನಡುವಿನದು. ಎಲ್ಲಾ ಕಾಲದ ಗೋಡೆಗಳನ್ನೂ ಕೂಡಿಸಿದರೆ 21,196 ಕಿಲೋಮೀಟರ್ ಅಂತ ಚೀನಾ ಸರ್ಕಾರ 2012ರಲ್ಲಿ ಲೆಕ್ಕ ಕೊಟ್ಟಿತು. ಮಿಂಗ್ ಕಾಲದ ಗಾರೆಯಲ್ಲಿ ಸುಣ್ಣದ ಜೊತೆ ಅಂಟು ಅಕ್ಕಿಯ ಗಂಜಿ ಸೇರಿಸುತ್ತಿದ್ದರು ಅಂದಾಗ, ಗಾರೆ ಕೆಲಸದವರ ಮಗನೊಬ್ಬ ಕಣ್ಣರಳಿಸಿ ಕೇಳಿದ.

ಗೋಡೆಯ ಉತ್ತರಕ್ಕೆ ಇದ್ದವರು ಮಂಗೋಲರು. ಕುದುರೆ, ಕುರಿ ಮೇಯಿಸುವ ಜನ. ಅವರಿಗೆ ಧಾನ್ಯ, ಬಟ್ಟೆ, ಕಬ್ಬಿಣದ ಪಾತ್ರೆ ಬೇಕಿತ್ತು. ಅವೆಲ್ಲಾ ಗೋಡೆಯ ಈಚೆ ಇದ್ದವು. ಚೀನಾಕ್ಕೂ ಕುದುರೆ ಬೇಕಿತ್ತು. ಆದರೆ ಮಿಂಗ್ ಅರಸರು ವ್ಯಾಪಾರಕ್ಕೆ ಒಪ್ಪದೆ ಬಾಗಿಲು ಮುಚ್ಚಿದಾಗ ಮಂಗೋಲರು ದಾಳಿಗೆ ಇಳಿದರು. 1550ರಲ್ಲಿ ಅವರ ನಾಯಕ ಅಲ್ತಾನ್ ಖಾನ್ ಬೀಜಿಂಗ್ ನಗರದ ಹೊರವಲಯದವರೆಗೂ ಬಂದು ಲೂಟಿ ಮಾಡಿದ. 1571ರಲ್ಲಿ ಒಪ್ಪಂದವಾಗಿ, ಗಡಿಯಲ್ಲಿ ಕುದುರೆ ಸಂತೆಗಳು ತೆರೆದವು. ಆಮೇಲೆ ಆ ಭಾಗದ ಗಡಿ ಬಹುಮಟ್ಟಿಗೆ ಶಾಂತವಾಯಿತು. ಗೋಡೆ ಇದ್ದರೂ ನಿಲ್ಲದ ದಾಳಿಯನ್ನು ಸಂತೆ ನಿಲ್ಲಿಸಿತು.

ಕೊನೆಗೆ 1644ರಲ್ಲಿ ಮಿಂಗ್ ವಂಶ ಬಿದ್ದಾಗ ಗೋಡೆಯನ್ನು ಯಾರೂ ಒಡೆಯಲಿಲ್ಲ. ಬೀಜಿಂಗ್ ಒಳಗಿನ ದಂಗೆಕೋರರ ಕೈಗೆ ಹೋಗಿತ್ತು, ಚಕ್ರವರ್ತಿ ನೇಣು ಹಾಕಿಕೊಂಡಿದ್ದ. ಆಗ ಗೋಡೆಯ ಪೂರ್ವ ತುದಿಯ ಶಾನ್‌ಹೈ ದ್ವಾರವನ್ನು ಕಾಯುತ್ತಿದ್ದ ಸೇನಾಪತಿ ವು ಸಾನ್‌ಗುಯಿ, ದಂಗೆಕೋರರನ್ನು ಬಡಿಯಲು ಹೊರಗಿನ ಮಂಚು ಸೈನ್ಯಕ್ಕೆ ಬಾಗಿಲು ತೆರೆದ. ಒಳಗೆ ಬಂದ ಮಂಚುಗಳು 1912ರವರೆಗೆ ಚೀನಾ ಆಳಿದರು.

ಈ ಗೋಡೆ ಕಟ್ಟಲು ಎಳೆದೊಯ್ದ ಕೂಲಿಗಳ ಬಗ್ಗೆ ಚೀನಾದಲ್ಲಿ ಒಂದು ಜಾನಪದ ಕಥೆ ಇದೆ. ಮೆಂಗ್ ಜಿಯಾಂಗ್ ಎಂಬ ಹೆಂಗಸು ಗೋಡೆ ಕೆಲಸಕ್ಕೆ ಹೋದ ಗಂಡನಿಗೆ ಚಳಿಗೆ ಬಟ್ಟೆ ತೆಗೆದುಕೊಂಡು ಹೋಗುತ್ತಾಳೆ. ಅವನು ಸತ್ತಿರುವುದು ತಿಳಿದು ಅಳುತ್ತಾಳೆ. ಅವಳ ಅಳುವಿಗೆ ಗೋಡೆ ಕುಸಿದು ಒಳಗಿದ್ದ ಮೂಳೆಗಳು ಕಾಣುತ್ತವೆ. ಕಥೆ ಮುಗಿದಾಗ ಮಕ್ಕಳು ತಾವಾಗಿಯೇ "ಕೆರೆಗೆ ಹಾರ"ದ ಭಾಗೀರಥಿಯನ್ನು ನೆನೆದರು. ದೊಡ್ಡ ಕಟ್ಟಡಗಳ ಮೇಲೆ ಕಟ್ಟಿಸಿದವರ ಹೆಸರು ಇರುತ್ತದೆ. ಸತ್ತವರ ಲೆಕ್ಕವನ್ನು ಹೆಂಗಸರ ಹಾಡು, ಕಥೆಗಳು ಇಟ್ಟುಕೊಂಡಿರುತ್ತವೆ.

ಉಪ್ಪಿಗೆ ಹಾಕಿದ ಬೇಲಿ

ಎರಡನೇ ಶನಿವಾರ ನಮ್ಮ ದೇಶದ ಕಥೆಯಿಂದ ಶುರು ಮಾಡಿದೆವು. ಇದು ಮೇಷ್ಟ್ರಿಗೂ ಹೊಸದಾಗಿತ್ತು.

ಬ್ರಿಟಿಷರ ಕಾಲದಲ್ಲಿ ಉಪ್ಪಿಗೆ ಭಾರಿ ತೆರಿಗೆ ಇತ್ತು. ಬ್ರಿಟಿಷರ ನೇರ ಆಡಳಿತದ ಉತ್ತರ ಭಾರತದಲ್ಲಿ ಉಪ್ಪು ದುಬಾರಿ. ಪಶ್ಚಿಮಕ್ಕೆ ರಜಪೂತ ಸಂಸ್ಥಾನಗಳಲ್ಲಿ, ಸಾಂಭರ್ ಸರೋವರದಂಥ ಕಡೆ ತಯಾರಾಗುವ ಉಪ್ಪು ಅಗ್ಗ. ಅಗ್ಗದ ಉಪ್ಪು ಕಳ್ಳದಾರಿಯಲ್ಲಿ ಬರದಂತೆ ತಡೆಯಲು ದೇಶದ ನಡುವೆಯೇ ಒಂದು ಸುಂಕದ ಗಡಿ ಎಳೆದರು. 1869ರ ಹೊತ್ತಿಗೆ ಅದು ಸಿಂಧೂ ನದಿಯಿಂದ ಮಹಾನದಿವರೆಗೆ 2,300 ಮೈಲಿ, ಅಂದರೆ ಸುಮಾರು 3,700 ಕಿಲೋಮೀಟರ್ ಉದ್ದ ಆಗಿತ್ತು. ಕಾಯಲು ಸುಮಾರು 12,000 ಜನ.

ಅಷ್ಟು ಉದ್ದಕ್ಕೆ ಗೋಡೆ ಕಟ್ಟಲು ಎಲ್ಲಿಂದ ಆಗಬೇಕು? ಅದಕ್ಕೆ ಬೇಲಿ ಬೆಳೆಸಿದರು. ಮೊದಲು ಒಣ ಮುಳ್ಳು ಹಾಕಿದರು. ಅದನ್ನು ಗೆದ್ದಲು ತಿಂತು, ಬೆಂಕಿ ಸುಟ್ಟಿತು. ಆಮೇಲೆ ಜಾಲಿ, ಬೋರೆ, ಕವಳಿ, ಪಾಪಾಸುಕಳ್ಳಿ ನೆಟ್ಟು ಹಸಿರು ಬೇಲಿ ಬೆಳೆಸಿದರು. ಗಿಡ ಹಿಡಿಯದ ಕಡೆ ಕಲ್ಲುಗೋಡೆ, ಕಂದಕ. 1867ರಿಂದ 1870ರವರೆಗೆ ಈ ಸುಂಕ ಇಲಾಖೆಯ ಮುಖ್ಯಸ್ಥನಾಗಿದ್ದವನು ಎ.ಒ. ಹ್ಯೂಮ್. ಹಸಿರು ಬೇಲಿಯ ಕೆಲಸ ಭರದಿಂದ ನಡೆದದ್ದು ಅವನ ಕಾಲದಲ್ಲಿ. ಮುಂದೆ 1885ರಲ್ಲಿ ಭಾರತ ರಾಷ್ಟ್ರೀಯ ಕಾಂಗ್ರೆಸ್ ಹುಟ್ಟಿಗೆ ಕಾರಣರಾದವರಲ್ಲಿ ಒಬ್ಬ ಅಂತ ನಮ್ಮ ಪಾಠಪುಸ್ತಕದಲ್ಲಿ ಓದುವ ಹ್ಯೂಮ್ ಅವನೇ.

ದಾರಿಗಳು ಬೇಲಿ ದಾಟುವ ಕಡೆ ಚೌಕಿ, ಚೌಕಿಯಲ್ಲಿ ಗೇಟು. ಅಲ್ಲಿ ಗಾಡಿ, ಮೂಟೆ, ಮೈಯೆಲ್ಲಾ ತಪಾಸಣೆ. ಬೇಲಿಯ ಈಚೆ ಒಂದು ಊರು, ಆಚೆ ಒಂದು ಊರು ಇದ್ದವರು ಏನು ಮಾಡಬೇಕು? ಚೌಕಿ ಸಿಪಾಯಿಗಳ ಲಂಚ, ಕಿರುಕುಳ ನಡೆದೇ ಇತ್ತು. "ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯೋರು ಯಾರು" ಅನ್ನುವ ಗಾದೆ ಈ ಬೇಲಿಗೆ ಹೇಳಿ ಮಾಡಿಸಿದ ಹಾಗಿದೆ.

ಸಂಸ್ಥಾನಗಳ ಉಪ್ಪಿನ ಮೂಲವೇ ಬ್ರಿಟಿಷರ ಹಿಡಿತಕ್ಕೆ ಬಂದ ಮೇಲೆ ಬೇಲಿಯ ಅಗತ್ಯ ಮುಗಿಯಿತು. 1879ರಲ್ಲಿ ಅದನ್ನು ಕೈಬಿಟ್ಟರು. ಬೇಲಿ ಹೊಲದಲ್ಲಿ, ರಸ್ತೆಯಲ್ಲಿ ಕರಗಿಹೋಯಿತು, ಜನರ ನೆನಪಿನಿಂದಲೂ ಹೋಯಿತು. ತೆರಿಗೆ ಮಾತ್ರ ಉಳಿಯಿತು. ಆ ತೆರಿಗೆಯ ವಿರುದ್ಧವೇ 1930ರಲ್ಲಿ ಗಾಂಧೀಜಿ ದಂಡಿಗೆ ನಡೆದದ್ದು, ಅದೇ ವರ್ಷ ನಮ್ಮ ಅಂಕೋಲಾದಲ್ಲಿ ಜನ ಉಪ್ಪು ಮಾಡಿದ್ದು.

"ಶತ್ರುಗಳೇ ಇಲ್ಲದೆ ಬೇಲಿ ಹಾಕಿದ್ರಾ?" ಅಂತ ಒಬ್ಬಳು ಕೇಳಿದಳು. ಹೌದು. ಆ ಬೇಲಿ ಹಾಕಿದ್ದು ಬಡವರ ಸಾರಿಗೆ ಬೀಳುವ ಚಿಟಿಕೆ ಉಪ್ಪಿನ ಮೇಲಿನ ಕಾಸಿಗೆ.

ಒಳಗಿನವರನ್ನು ತಡೆದ ಗೋಡೆ

ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿ ಎರಡು ದೇಶ ಆಯಿತು. ಪಶ್ಚಿಮ ಜರ್ಮನಿ ಅಮೆರಿಕ, ಬ್ರಿಟನ್, ಫ್ರಾನ್ಸ್ ಕಡೆ. ಪೂರ್ವ ಜರ್ಮನಿ ಸೋವಿಯತ್ ರಷ್ಯಾ ಕಡೆ. ರಾಜಧಾನಿ ಬರ್ಲಿನ್ ಇದ್ದದ್ದು ಪೂರ್ವ ಜರ್ಮನಿಯ ನಡುವೆ. ಆದರೆ ಆ ಊರನ್ನೂ ಎರಡು ಪಾಲು ಮಾಡಿಕೊಂಡಿದ್ದರು. ಪೂರ್ವದವರು ಬರ್ಲಿನ್‌ನ ಪಶ್ಚಿಮದ ಪಾಲಿಗೆ ದಾಟಿದರೆ ಸಾಕು, ಅಲ್ಲಿಂದ ಪಶ್ಚಿಮ ಜರ್ಮನಿಗೆ ಹೋಗಬಹುದಿತ್ತು. 1949ರಿಂದ 1961ರೊಳಗೆ ಹಾಗೆ ಪೂರ್ವ ಜರ್ಮನಿ ಬಿಟ್ಟವರು 25 ಲಕ್ಷಕ್ಕೂ ಹೆಚ್ಚು. ಡಾಕ್ಟರು, ಎಂಜಿನಿಯರು, ಮೇಷ್ಟ್ರುಗಳು, ಕೈಕೆಲಸ ಬಲ್ಲ ಯುವಕರು ಹೀಗೆ ದೇಶವೇ ಬರಿದಾಗತೊಡಗಿತು.

1961ರ ಜೂನ್ 15ರಂದು ಪೂರ್ವ ಜರ್ಮನಿಯ ನಾಯಕ ವಾಲ್ಟರ್ ಉಲ್‌ಬ್ರಿಕ್ಟ್, ಗೋಡೆ ಕಟ್ಟುವ ಉದ್ದೇಶ ಯಾರಿಗೂ ಇಲ್ಲ ಅಂತ ಪತ್ರಿಕಾಗೋಷ್ಠಿಯಲ್ಲಿ ಹೇಳಿದರು. ಎರಡು ತಿಂಗಳು ಕಳೆಯುವ ಮೊದಲೇ, ಆಗಸ್ಟ್ 12ರ ರಾತ್ರಿ ಮಲಗಿದ ಬರ್ಲಿನ್ ಜನ 13ರ ಬೆಳಿಗ್ಗೆ ಎದ್ದು ನೋಡಿದರೆ ಬೀದಿಗೆ ಅಡ್ಡ ಮುಳ್ಳುತಂತಿ. ಕೆಲವೇ ದಿನದಲ್ಲಿ ತಂತಿಯ ಜಾಗಕ್ಕೆ ಗೋಡೆ ಬಂತು. ಆಚೆ ಬೀದಿಯ ಅಕ್ಕನ ಮನೆಗೆ ಹೋಗುವಂತಿಲ್ಲ. ಕೆಲಸಕ್ಕೆ ಹೋಗುವಂತಿಲ್ಲ. ಪಶ್ಚಿಮ ಬರ್ಲಿನ್ ಸುತ್ತ ಗೋಡೆಯ ಉದ್ದ ಸುಮಾರು 155 ಕಿಲೋಮೀಟರ್ ಆಯಿತು. ದಾಟಲು ಹೋಗಿ ಅಥವಾ ಗೋಡೆಯ ಕಾರಣದಿಂದ ಸತ್ತವರು ಕನಿಷ್ಠ 140 ಜನ.

ಪೂರ್ವ ಜರ್ಮನಿ ಸರ್ಕಾರ ಇದಕ್ಕೆ ಇಟ್ಟ ಹೆಸರು ಫ್ಯಾಸಿಸ್ಟರ ವಿರುದ್ಧದ ರಕ್ಷಣಾ ಗೋಡೆ. ಹೊರಗಿನ ಶತ್ರುವಿನಿಂದ ನಿಮ್ಮನ್ನು ಕಾಪಾಡುತ್ತಿದ್ದೇವೆ ಅಂತ ಜನರಿಗೆ ಹೇಳಿದರು. ಹಾಗಾದರೆ ಕಾವಲುಗಾರರ ಬಂದೂಕು ಯಾವ ಕಡೆ ತಿರುಗಿತ್ತು? ಈ ಪ್ರಶ್ನೆಗೆ ಮಕ್ಕಳು ಸ್ವಲ್ಪ ಹೊತ್ತು ಯೋಚಿಸಿ, "ಒಳಗಡೆಗೆ" ಅಂದರು.

ಆ ಗೋಡೆಯ ಬಾಗಿಲು ತೆರೆದದ್ದು 1989ರ ನವೆಂಬರ್ 9ರಂದು. ಅಷ್ಟರಲ್ಲಿ ಪೂರ್ವ ಜರ್ಮನಿಯ ಊರೂರಲ್ಲಿ ಜನ ಬೀದಿಗಿಳಿದಿದ್ದರು. ಆ ಸಂಜೆ ಪಕ್ಷದ ವಕ್ತಾರ ಗುಂಟರ್ ಶಾಬೊವ್‌ಸ್ಕಿ ಪತ್ರಿಕಾಗೋಷ್ಠಿಯಲ್ಲಿ ಪ್ರಯಾಣದ ಹೊಸ ನಿಯಮ ಓದಿದರು. ಯಾವಾಗಿನಿಂದ ಜಾರಿ ಅಂತ ಒಬ್ಬ ಪತ್ರಕರ್ತ ಕೇಳಿದ. ಅವರು ಚೀಟಿ ತಿರುವಿ ಹಾಕಿ, ತನಗೆ ತಿಳಿದಂತೆ ಈಗಿಂದಲೇ ಅಂದುಬಿಟ್ಟರು. ಸುದ್ದಿ ಕೇಳಿ ಸಾವಿರಾರು ಜನ ಗೋಡೆಯ ಗೇಟುಗಳಿಗೆ ಬಂದರು. ಕಾವಲಿನವರಿಗೆ ಯಾವ ಆದೇಶವೂ ಬಂದಿರಲಿಲ್ಲ. ಬೋರ್ನ್‌ಹೋಮರ್ ಬೀದಿಯ ಗೇಟಿನಲ್ಲಿದ್ದ ಅಧಿಕಾರಿ ಹರಾಲ್ಡ್ ಯೇಗರ್ ಮೇಲಿನವರಿಗೆ ಫೋನ್ ಮೇಲೆ ಫೋನ್ ಮಾಡಿದ, ಸರಿಯಾದ ಉತ್ತರ ಸಿಗಲಿಲ್ಲ. ಕೊನೆಗೆ ರಾತ್ರಿ ಹನ್ನೊಂದೂವರೆ ಸುಮಾರಿಗೆ ಗೇಟ್ ತೆಗೆಯಿರಿ ಅಂದ. 28 ವರ್ಷ ನಿಂತ ಗೋಡೆಯ ಕಥೆ ಅಲ್ಲಿಗೆ ಮುಗಿಯಿತು.

ಪತ್ರಿಕೋದ್ಯಮ ಓದಿದ ನಮಗೆ ಈ ಘಟನೆ ಇಷ್ಟ. ಒಬ್ಬ ಪತ್ರಕರ್ತ ಕೇಳಿದ "ಯಾವಾಗಿನಿಂದ?" ಅನ್ನುವ ಸಣ್ಣ ಪ್ರಶ್ನೆಗೂ ಅದರಲ್ಲಿ ಪಾಲಿದೆ. ಮಕ್ಕಳಿಗೂ ಅದನ್ನೇ ಹೇಳಿದೆವು. ಸಣ್ಣ ಪ್ರಶ್ನೆ ಕೇಳಲು ನಾಚಿಕೊಳ್ಳಬೇಡಿ.

ಅದೇ 1989ರಲ್ಲಿ ಎದ್ದ ಗೋಡೆ

ಇಲ್ಲಿಂದ ಮುಂದಿನ ಗೋಡೆಯನ್ನು ಹೇಳಬೇಕೋ ಬೇಡವೋ ಅಂತ ನಾವು ಮೇಷ್ಟ್ರನ್ನು ಮೊದಲೇ ಕೇಳಿದ್ದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳಿ. ಆದ್ರೆ ಯಾವ ಮಗುವಿನ ಕಡೆಗೂ ನೋಡ್ಕೊಂಡು ಹೇಳ್ಬೇಡಿ" ಅಂದರು. ಆ ಮಾತು ನಮಗೆ ಪಾಠವಾಯಿತು.

ಬರ್ಲಿನ್ ಗೋಡೆಯ ಬಾಗಿಲು ತೆರೆದ ಅದೇ 1989ರಲ್ಲಿ ತಮಿಳುನಾಡಿನ ಮಧುರೈ ಜಿಲ್ಲೆಯ ಉತ್ತಪುರಂ ಎಂಬ ಹಳ್ಳಿಯಲ್ಲಿ ಒಂದು ಗೋಡೆ ಎದ್ದಿತು. ಊರಿನಲ್ಲಿ ಜಾತಿ ಗಲಭೆ ಆಗಿತ್ತು. ಅದಾದ ಮೇಲೆ ಮೇಲ್ಜಾತಿಯವರು ತಮ್ಮ ಬೀದಿಗೂ ದಲಿತರ ಬೀದಿಗೂ ನಡುವೆ ಗೋಡೆ ಕಟ್ಟಿಸಿದರು. ರಕ್ಷಣೆಗೆ ಅಂತ ಅವರು ಹೇಳುತ್ತಿದ್ದರು. ದಲಿತ ಕುಟುಂಬಗಳಿಗೆ ಮುಖ್ಯರಸ್ತೆಗೆ ಹೋಗುವ ನೇರ ದಾರಿ ತಪ್ಪಿತು, ಸುತ್ತಿ ಬಳಸಿ ಹೋಗಬೇಕಾಯಿತು. 2008ರಲ್ಲಿ ಗೋಡೆಯ ಒಂದು ಭಾಗಕ್ಕೆ ವಿದ್ಯುತ್ ತಂತಿ ಎಳೆದ ವಿಷಯ ಹೊರಬಿದ್ದು, ಹೋರಾಟ ದೊಡ್ಡದಾಯಿತು. ಆ ವರ್ಷ ಮೇ 6ರಂದು ಜಿಲ್ಲಾಡಳಿತ ಪೊಲೀಸ್ ಕಾವಲಿನಲ್ಲಿ ಸುಮಾರು 15 ಅಡಿ ಗೋಡೆ ಒಡೆಸಿ ದಾರಿ ಮಾಡಿತು. ಅದನ್ನು ಒಪ್ಪದ ಮೇಲ್ಜಾತಿ ಕುಟುಂಬಗಳು ಪ್ರತಿಭಟಿಸಿ ಊರು ಬಿಟ್ಟು ಹತ್ತಿರದ ಗುಡ್ಡಕ್ಕೆ ಹೋಗಿ ಕೂತಿದ್ದವು.

19 ವರ್ಷ ಆ ಗೋಡೆ ನಿಂತಿತ್ತು. ಕಟ್ಟಿದ್ದು ಚಕ್ರವರ್ತಿಯಲ್ಲ, ಪರದೇಶದ ಸರ್ಕಾರವೂ ಅಲ್ಲ, ಒಂದೇ ಊರಿನ ಜನ.

ಕ್ಲಾಸು ಗಪ್‌ಚಿಪ್ ಆಗಿತ್ತು. ನಾವೂ ಏನೂ ಸೇರಿಸಲಿಲ್ಲ. ಬೋರ್ಡಿನ ಮೇಲಿದ್ದ ಮೂರು ಪ್ರಶ್ನೆಗಳನ್ನು ಮಕ್ಕಳು ತಮ್ಮ ನೋಟ್ ಬುಕ್ಕಿನಲ್ಲಿ ತಾವೇ ತುಂಬಿಕೊಂಡರು.

ಬಾಗಿಲು ತೆರೆದೇ ಇರುವ ಗೋಡೆ

ಗೋಡೆ ಅಂದರೆ ಕೆಟ್ಟದ್ದು ಅಂತ ಮಕ್ಕಳು ಮನೆಗೆ ಹೋಗಬಾರದು. ಅದಕ್ಕೆ ಕೊನೆಯ ಗೋಡೆಯಾಗಿ ನೆದರ್‌ಲ್ಯಾಂಡ್ಸ್ ಇಟ್ಟುಕೊಂಡಿದ್ದೆವು.

ಆ ದೇಶದ ಸುಮಾರು ಕಾಲು ಭಾಗ ಸಮುದ್ರ ಮಟ್ಟಕ್ಕಿಂತ ತಗ್ಗಿನಲ್ಲಿದೆ. ಸಮುದ್ರಕ್ಕೆ ಏರಿ ಹಾಕಿಕೊಂಡೇ ಅವರು ಬದುಕಿರುವುದು. ನಮ್ಮ ಕೆರೆ ಏರಿ ನೀರನ್ನು ಒಳಗೆ ಹಿಡಿದಿಡುತ್ತದೆ, ಅವರ ಏರಿ ನೀರನ್ನು ಹೊರಗೆ ನಿಲ್ಲಿಸುತ್ತದೆ. ಏರಿ ನೋಡಿಕೊಳ್ಳಲು 13ನೇ ಶತಮಾನದಿಂದಲೇ ನೀರಿನ ಮಂಡಳಿಗಳಿವೆ. ಏರಿಯ ಹಿಂದೆ ಜಮೀನು ಇದ್ದವರೆಲ್ಲರೂ ಅದರ ಖರ್ಚು, ಕೆಲಸದಲ್ಲಿ ಪಾಲು ಕೊಡಬೇಕಿತ್ತು. ಒಬ್ಬನ ಹೊಲದ ಬಳಿ ಏರಿ ಒಡೆದರೆ ಎಲ್ಲರ ಹೊಲಕ್ಕೂ ಉಪ್ಪುನೀರು ನುಗ್ಗುತ್ತದೆ.

1953ರ ಜನವರಿ 31ರ ರಾತ್ರಿ ಕಳೆದು ಫೆಬ್ರವರಿ 1ರ ನಸುಕಿನಲ್ಲಿ ಬಿರುಗಾಳಿಗೆ ಸಮುದ್ರ ಉಕ್ಕಿ ಏರಿಗಳು ಒಡೆದವು. ಆ ದೇಶದಲ್ಲಿ 1,836 ಜನ ಸತ್ತರು. ಸರ್ಕಾರ ದೊಡ್ಡ ಯೋಜನೆ ಹಾಕಿತು. ಸಮುದ್ರದ ಕೈಗಳಂತೆ ಒಳನಾಡಿಗೆ ಚಾಚಿದ್ದ ನದೀಮುಖಗಳನ್ನು ಅಣೆಕಟ್ಟು ಹಾಕಿ ಮುಚ್ಚುವುದು ಅದರ ಗುರಿ. ಅವುಗಳಲ್ಲಿ ಒಂದು ಪೂರ್ವ ಶೆಲ್ಟ್. ಅಲ್ಲಿಯ ಜನ ಚಿಪ್ಪುಮೀನು ಹಿಡಿದು ಬದುಕುವವರು. ಪೂರ್ತಿ ಮುಚ್ಚಿದರೆ ಉಬ್ಬರ ಇಳಿತದ ನೀರು ಬರುವುದಿಲ್ಲ, ಚಿಪ್ಪುಮೀನು ಸಾಯುತ್ತದೆ, ನಮ್ಮ ಗತಿ ಏನು ಅಂತ ಮೀನುಗಾರರೂ ಪರಿಸರದವರೂ ವಿರೋಧಿಸಿದರು. ಪ್ರಾಣ ಉಳಿಯಬೇಕು, ಹೊಟ್ಟೆಪಾಡೂ ಉಳಿಯಬೇಕು.

1970ರ ದಶಕದಲ್ಲಿ ಸರ್ಕಾರ ಯೋಜನೆ ಬದಲಿಸಿತು. ಸುಮಾರು 9 ಕಿಲೋಮೀಟರ್ ಉದ್ದದ ಆ ತಡೆಗೆ 62 ಉಕ್ಕಿನ ಗೇಟುಗಳನ್ನು ಇಟ್ಟರು. 1986ರಲ್ಲಿ ಉದ್ಘಾಟನೆ ಆಯಿತು. ಗೇಟುಗಳು ಸಾಮಾನ್ಯ ದಿನಗಳಲ್ಲಿ ತೆರೆದೇ ಇರುತ್ತವೆ, ನೀರು ಬಂದು ಹೋಗುತ್ತದೆ. ಬಿರುಗಾಳಿಗೆ ಸಮುದ್ರ ಏರಿದಾಗ ಮಾತ್ರ ಮುಚ್ಚುತ್ತಾರೆ. ಖರ್ಚು ಬಹಳ ಹೆಚ್ಚಾಯಿತು, ವರ್ಷಗಳೂ ಹೆಚ್ಚು ಹಿಡಿದವು. ಆದರೆ ಗೋಡೆಯೂ ನಿಂತಿತು, ಮೀನುಗಾರರೂ ಉಳಿದರು.

ನಮ್ಮ ಶಾಲೆಯ ಗೇಟು

ಪಾಠ ಮುಗಿದ ಮೇಲೆ ಮೊದಲ ದಿನ ಪ್ರಶ್ನೆ ಕೇಳಿದ್ದ ಹುಡುಗಿಯ ಜೊತೆ ನಾವು ಶಾಲೆಯ ಹಿಂದಕ್ಕೆ ಹೋದೆವು. ಹುಣಸೆಮರದ ಪಕ್ಕ ಒಂದು ಕಾಲುದಾರಿ. ಅದು ಕಾಲೊನಿಯಿಂದ ಶಾಲೆಗೆ ಬರುವ ದಾರಿ, ಐದು ನಿಮಿಷದ್ದು. ಅದರ ಅಡ್ಡಕ್ಕೇ ಕಾಂಪೌಂಡಿನ ಪಾಯ ಬಂದಿತ್ತು. ಹಿಂದೆ ಗೋಡೆ ಎದ್ದು, ಮುಂದೆ ಮಾತ್ರ ಗೇಟ್ ಇಟ್ಟರೆ ಕಾಲೊನಿಯ ಮಕ್ಕಳು ಊರು ಸುತ್ತಿ, ಲಾರಿ ಓಡಾಡುವ ಹೆದ್ದಾರಿ ದಾಟಿ ಬರಬೇಕು. ಒಂದನೇ ಕ್ಲಾಸಿನ ಪುಟ್ಟ ಮಕ್ಕಳೂ ಹಾಗೇ ಬರಬೇಕು. ಅವಳ ತಮ್ಮ ಒಂದನೇ ಕ್ಲಾಸು. ಅದು ಯಾರ ಕಾಲೊನಿ ಅಂತ ನಾವು ಬರೆಯಬೇಕಿಲ್ಲ, ಹಳ್ಳಿಯಲ್ಲಿರುವ ನಿಮಗೆ ಗೊತ್ತಾಗುತ್ತದೆ.

ಹೆಡ್ ಮೇಷ್ಟ್ರನ್ನು ಕಂಡೆವು. ಅವರಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. "ರಾತ್ರಿ ಕುಡಿದು ಬಾಟ್ಲಿ ಒಡೆದು ಹೋಗ್ತಾರೆ, ಬೆಳಿಗ್ಗೆ ಮಕ್ಕಳ ಕಾಲಿಗೆ ಗಾಜು. ಅಕ್ಷರ ಕೈತೋಟದ ಸೊಪ್ಪು ದನದ ಪಾಲು. ಹಿಂದೆ ಗೇಟ್ ಇಟ್ರೆ ಕಾಯೋರು ಯಾರು?" ಅಂದರು. ಅದೂ ನಿಜವೇ. ಗಾಜು ಚುಚ್ಚಿದ ಮಗುವಿನ ಕಾಲನ್ನು ನಾವೂ ನೋಡಿದ್ದೆವು.

ಮೇಷ್ಟ್ರು ಒಂದು ಕೆಲಸ ಮಾಡಿದರು. ನೀವೇ ಬರೀರಿ ಅಂತ ಮಕ್ಕಳಿಗೆ ಬಿಟ್ಟರು. ಏಳನೇ ಕ್ಲಾಸಿನವರು ಶಾಲಾಭಿವೃದ್ಧಿ ಸಮಿತಿಗೆ ಒಂದು ಪುಟದ ಅರ್ಜಿ ಬರೆದರು. ಬೋರ್ಡಿನ ಮೂರು ಪ್ರಶ್ನೆಗಳೇ ಅದರಲ್ಲಿದ್ದವು. ಗೋಡೆ ಬೇಕು, ದನ ಮತ್ತು ಕುಡುಕರನ್ನು ತಡೆಯೋಕೆ ಬೇಕು. ಹಿಂದೆ ಒಂದು ಸಣ್ಣ ಗೇಟೂ ಬೇಕು. ಬೆಳಿಗ್ಗೆ ಶಾಲೆ ಶುರುವಾಗುವ ಮೊದಲು ಅರ್ಧ ಗಂಟೆ, ಸಂಜೆ ಬಿಟ್ಟ ಮೇಲೆ ಅರ್ಧ ಗಂಟೆ ತೆಗೆಯಬೇಕು. ಬೀಗದ ಕೈ ಬಿಸಿಯೂಟದ ಅಕ್ಕನ ಹತ್ತಿರ ಇರಲಿ, ಅವರ ಮನೆ ಆ ಕಡೆಯೇ ಇದೆ. ಕೆಳಗೆ ಎಲ್ಲರ ಸಹಿ. ಊರಿನ ಮಕ್ಕಳೂ, ಕಾಲೊನಿ ಮಕ್ಕಳೂ.

ಸಮಿತಿ ಸಭೆಯಲ್ಲಿ ಮಾತು ಜೋರಾಯಿತು ಅಂತ ಕೇಳಿದೆವು. ಎಸ್ಟಿಮೇಟಿನಲ್ಲಿ ಒಂದೇ ಗೇಟ್ ಇದೆ ಅಂತ ಒಬ್ಬರು, ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಅಂತ ಇನ್ನೊಬ್ಬರು. ಕೊನೆಗೆ ಹುಣಸೆಮರದ ಹತ್ತಿರ ನಾಲ್ಕು ಅಡಿ ಜಾಗ ಬಿಟ್ಟು ಎರಡೂ ಕಡೆ ಗೋಡೆ ಎಬ್ಬಿಸಿದ್ದಾರೆ. ಗೇಟ್ ಇನ್ನೂ ಬಂದಿಲ್ಲ. ದುಡ್ಡು ಯಾವ ಲೆಕ್ಕದಿಂದ ಅನ್ನುವುದು ಪಂಚಾಯ್ತಿಯಲ್ಲಿ ತೀರ್ಮಾನವಾಗಬೇಕು. ಅಲ್ಲಿಯವರೆಗೆ ಆ ಸಂದಿಗೆ ಮುಳ್ಳಿನ ಕೊಂಬೆ ಅಡ್ಡ ಇಟ್ಟಿರುತ್ತಾರೆ. ಬೆಳಿಗ್ಗೆ ಬಿಸಿಯೂಟದ ಅಕ್ಕ ಅದನ್ನು ಸರಿಸಿ ಒಳಗೆ ಬರುತ್ತಾರೆ, ಅವರ ಹಿಂದೆಯೇ ಮಕ್ಕಳು.

ನಿಮ್ಮೂರಿನ ಶಾಲೆ, ಅಂಗನವಾಡಿ, ದೇವಸ್ಥಾನ, ಸ್ಮಶಾನಕ್ಕೆ ಕಾಂಪೌಂಡ್ ಏಳುತ್ತಿದ್ದರೆ ಪಾಯ ತೋಡುವ ಹೊತ್ತಿಗೇ ಒಮ್ಮೆ ಹೋಗಿ ನೋಡಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಗೋಡೆ ಎದ್ದ ಮೇಲೆ ಒಡೆಯುವುದು ಕಷ್ಟ. ದಾರ ಕಟ್ಟಿರುವಾಗ ಗೇಟ್ ಎಲ್ಲಿ ಅಂತ ಕೇಳುವುದು ಸುಲಭ.